ಜನಸಂಖ್ಯೆಯಲ್ಲಿ ಜನ ಎಲ್ಲಿದ್ದಾರೆ?

ಕಳೆದ ತಿಂಗಳು ಒಂದು ರಾತ್ರಿ, ಪಿಎಚ್‌ಡಿ ಪ್ರಬಂಧದ ಅಧ್ಯಾಯವೊಂದನ್ನು ತಿದ್ದುವುದು ಬಿಟ್ಟು ಸ್ಟೆಲ್ಲಾರಿಸ್ ಆಡುತ್ತ ಕೂತಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ. ನನ್ನ ರಾಜಧಾನಿ ಗ್ರಹದಲ್ಲಿ ಕೆಲಸವಿಲ್ಲದ ಜನ ಹೆಚ್ಚಾಗಿದ್ದರು. ಗಡಿಯ ಗ್ರಹವೊಂದರಲ್ಲಿ ಗಣಿಗಳು ಖಾಲಿ ಬಿದ್ದಿದ್ದವು. ಪಟ್ಟಿ ತೆರೆದೆ, ಇಲ್ಲಿಂದ ಒಂದಷ್ಟು ಜನರನ್ನು ಆರಿಸಿದೆ, ಅಲ್ಲಿಗೆ ಕಳಿಸುವ ಗುಂಡಿ ಒತ್ತಿದೆ. ಖಜಾನೆಯಿಂದ ಸ್ವಲ್ಪ ಕಡಿತವಾಯಿತು. ಕೆಲಸ ಮುಗಿಯಿತು. ಆ ಗುಂಡಿಯ ಮೇಲಿದ್ದ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಪುನರ್ವಸತಿ ಎನ್ನಬೇಕು.

ನನ್ನ ಅಪ್ಪನ ಊರು ಆಣೆಕಟ್ಟೊಂದರ ಹಿನ್ನೀರಿನಲ್ಲಿ ಮುಳುಗಿದ ಊರು. ಹಾಗಾಗಿ ಪುನರ್ವಸತಿ ಎಂಬ ಪದವನ್ನು ನಾನು ಶಾಲೆಗೆ ಹೋಗುವ ಮೊದಲೇ ಕಲಿತಿದ್ದೆ. ನಮ್ಮ ಮನೆಯಲ್ಲಿ ಆ ಪದದ ಅರ್ಥ: ನಿವೇಶನದ ನಂಬರು, ಪರಿಹಾರದ ಕೇಸು, ಹೊಸ ಊರಿನಲ್ಲಿ ಯಾರ ಮನೆ ಯಾರ ಪಕ್ಕ ಬರಬೇಕೆಂಬ ಜಗಳ, ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗುಡಿಯ ಕಟ್ಟೆ ಹುಡುಕಿಕೊಂಡು ಹೋಗಿ ಕಾಯಿ ಒಡೆದು ಬರುವ ಹಿರಿಯರು. ನಮ್ಮಲ್ಲಿ ಮೂವತ್ತು ವರ್ಷವಾದರೂ ಮುಗಿಯದ ಸಂಗತಿ ನನ್ನ ಪರದೆಯ ಮೇಲೆ ಅರ್ಧ ಸೆಕೆಂಡಿನಲ್ಲಿ ಮುಗಿದುಹೋಯಿತು. ಗುಂಡಿ ಇದ್ದದ್ದಕ್ಕೆ ನನಗೆ ಬೇಸರವಿಲ್ಲ. ಸಾಮ್ರಾಜ್ಯಗಳಿಗೆ ಅಂಥ ಗುಂಡಿ ಇದ್ದೇ ಇರುತ್ತದೆ. ಒತ್ತಿದ ಮೇಲೆ ಏನೂ ಆಗಲಿಲ್ಲವಲ್ಲ, ಅದಕ್ಕೆ ಬೇಸರವಾಯಿತು.

ಈ ಲೇಖನದ ವಾದ ಇಷ್ಟೇ. ಬಾಹ್ಯಾಕಾಶ ಸಾಮ್ರಾಜ್ಯದ ಆಟಗಳು ಮೂವತ್ತು ವರ್ಷಗಳಿಂದ ಜನಸಂಖ್ಯೆಯನ್ನು ತಪ್ಪಾಗಿ ಕಲ್ಪಿಸಿಕೊಂಡು ಬಂದಿವೆ. ಖನಿಜ, ಇಂಧನ, ಧಾನ್ಯಗಳ ಸಾಲಿನಲ್ಲೇ ಜನರನ್ನೂ ಇಟ್ಟಿವೆ. ಕನ್ನಡದ ‘ಜನಸಂಖ್ಯೆ’ಯನ್ನು ಬಿಡಿಸಿದರೆ ಎರಡು ಪದ ಸಿಗುತ್ತವೆ. ಈ ಆಟಗಳು ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಬಿಸಾಡಿವೆ. ಇದು ನೀತಿಯ ತಪ್ಪಂತೂ ಹೌದು. ಆದರೆ ಇದು ಆಟದ ತಪ್ಪು ಕೂಡ ಎಂಬುದು ನನ್ನ ತಕರಾರು. ಜನರನ್ನು ಜನರಾಗಿ ಕಂಡಿದ್ದರೆ ಈ ಆಟಗಳು ಈಗಿರುವುದಕ್ಕಿಂತ ಚೆನ್ನಾಗಿರುತ್ತಿದ್ದವು.

1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಬಂತು. ಇಂಥ ಆಟಗಳನ್ನು ಈಗ ‘ಫೋರ್ ಎಕ್ಸ್’ ಎಂದು ಕರೆಯುತ್ತೇವಲ್ಲ, ಆ ಹೆಸರನ್ನು ಅಲನ್ ಎಮ್ರಿಚ್ ಎಂಬ ವಿಮರ್ಶಕ ಹುಟ್ಟಿಸಿದ್ದು ಇದೇ ಆಟದ ಬಗ್ಗೆ ಬರೆಯುವಾಗ. ಹುಡುಕು, ಹರಡು, ಹಿಂಡು, ಹೊಸಕು ಎಂಬ ನಾಲ್ಕು ಕ್ರಿಯೆಗಳು ಅವು. ಆ ನಾಲ್ಕರಲ್ಲಿ ‘ಬದುಕು’ ಇಲ್ಲ ಎಂಬುದನ್ನು ಗಮನಿಸಿ. ಓರಿಯನ್‌ನಲ್ಲಿ ಪ್ರತಿ ಗ್ರಹಕ್ಕೂ ಒಂದು ಸಂಖ್ಯೆ: ಇಷ್ಟು ಮಿಲಿಯನ್ ಜನ, ಗರಿಷ್ಠ ಇಷ್ಟು. ಈ ಜನ ಕಾರ್ಖಾನೆಗಳನ್ನು ನಡೆಸುತ್ತಾರೆ. ಪರಿಸರದ ಬಾಬತ್ತಿಗೆ ಹೆಚ್ಚು ಹಣ ಸುರಿದರೆ ಬೇಗ ಬೇಗ ಹೆಚ್ಚುತ್ತಾರೆ. ಅವರನ್ನು ಹಡಗಿಗೆ ತುಂಬಿ ನಮ್ಮದೇ ಇನ್ನೊಂದು ಗ್ರಹಕ್ಕೆ ಕಳಿಸಿದರೆ ವಲಸಿಗರು, ಶತ್ರುವಿನ ಗ್ರಹಕ್ಕೆ ಕಳಿಸಿದರೆ ಸೈನಿಕರು. ಹತ್ತುವಾಗ ಒಬ್ಬರು, ಇಳಿಯುವಾಗ ಇನ್ನೊಬ್ಬರು. ನಡುವೆ ಯಾರೂ ಅವರನ್ನು ಏನೂ ಕೇಳುವುದಿಲ್ಲ.

ಅದೇ ಆಟದಲ್ಲಿ ಗೆಲ್ಲಲು ಒಂದು ಸೊಗಸಾದ ದಾರಿ ಇದೆ. ಎಲ್ಲ ಸಾಮ್ರಾಜ್ಯಗಳ ಮಹಾಸಭೆ ಸೇರುತ್ತದೆ, ಮೂರನೇ ಎರಡರಷ್ಟು ಮತ ಬಂದವರು ನಕ್ಷತ್ರಮಂಡಲದ ಒಡೆಯರು. ಮತಗಳ ಲೆಕ್ಕ ಜನಸಂಖ್ಯೆಯ ಮೇಲೆ. ಆದರೆ ಮತ ಹಾಕುವುದು ಚಕ್ರವರ್ತಿ! ಜನಸಂಖ್ಯೆಗೆ ಮತವಿದೆ, ಜನರಿಗಿಲ್ಲ. ಇಡೀ ಪ್ರಕಾರದ ರಾಜಕೀಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನಗೆ ಸಾಧ್ಯವಿಲ್ಲ.

1996ರ ಎರಡನೇ ಓರಿಯನ್ ಆಟದಲ್ಲಿ ಸಂಖ್ಯೆಯ ಜಾಗಕ್ಕೆ ಪುಟ್ಟ ಪುಟ್ಟ ಗೊಂಬೆಚಿತ್ರಗಳು ಬಂದವು. ರೈತ, ಕಾರ್ಮಿಕ, ವಿಜ್ಞಾನಿ. ರೈತನನ್ನು ಎಳೆದು ಪ್ರಯೋಗಾಲಯದ ಸಾಲಿಗೆ ಹಾಕಿದರೆ ಅವನು ಆ ಕ್ಷಣವೇ ವಿಜ್ಞಾನಿ. (ಸಂಶೋಧನೆ ಮಾಡುತ್ತ ಐದನೇ ವರ್ಷಕ್ಕೆ ಕಾಲಿಟ್ಟಿರುವ ನನಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.) 2016ರಲ್ಲಿ ಸ್ಟೆಲ್ಲಾರಿಸ್ ಬಂದಾಗ ಗ್ರಹದ ಮೇಲೆ ಹೆಚ್ಚೆಂದರೆ ಇಪ್ಪತ್ತೈದು ಚೌಕಗಳು, ಚೌಕಕ್ಕೊಂದು ‘ಪಾಪ್’. ಪಾಪ್ಯುಲೇಷನ್ ಎಂಬುದರ ತುಂಡು ಅದು. ಕನ್ನಡದ ಕಿವಿಗೆ ಆ ಪದ ಬೇರೆಯೇ ಕೇಳಿಸುತ್ತದೆ. ಪಾಪ, ಅವರಿಗೇನು ಗೊತ್ತು.

2018ರ ಡಿಸೆಂಬರ್‌ನಲ್ಲಿ ಸ್ಟೆಲ್ಲಾರಿಸ್ ಚೌಕಗಳನ್ನು ಕಿತ್ತು ಹಾಕಿ ಉದ್ಯೋಗ, ವಸತಿ, ವರ್ಗಗಳ ವ್ಯವಸ್ಥೆ ತಂದಿತು. ಆ ಪರಿಷ್ಕರಣೆಗೆ ಇಟ್ಟ ಹೆಸರು ಲೆ ಗ್ವಿನ್. ಉರ್ಸುಲಾ ಲೆ ಗ್ವಿನ್ ಅವರ ಹೆಸರು! ಒಂದು ಊರಿನ ಸುಖ ಯಾರ ಸಂಕಟದ ಮೇಲೆ ನಿಂತಿದೆ ಎಂದು ತಿಳಿದ ಮೇಲೆ ಆ ಊರನ್ನೇ ಬಿಟ್ಟು ನಡೆದುಹೋಗುವವರ ಕಥೆ ಬರೆದವರು ಅವರು. ಅವರ ಹೆಸರು ಹೊತ್ತ ವ್ಯವಸ್ಥೆಯಲ್ಲಿ ಪಾಪ್‌ಗಳಿಗೆ ಕೆಲಸ ಸಿಕ್ಕಿತು, ಮನೆ ಸಿಕ್ಕಿತು. ಎದ್ದು ಹೋಗುವ ಸ್ವಾತಂತ್ರ್ಯ ಮಾತ್ರ ಬಹುಪಾಲು ಆಟಗಾರನ ಸಹಿಯ ಕೆಳಗೇ ಉಳಿಯಿತು. ಎರಡು ಸಾಮ್ರಾಜ್ಯಗಳ ನಡುವೆ ವಲಸೆ ಬೇಕಾದರೆ ಇಬ್ಬರು ಒಡೆಯರು ಒಪ್ಪಂದ ಮಾಡಿಕೊಳ್ಳಬೇಕು.

ನ್ಯಾಯವಾಗಿ ಹೇಳಬೇಕು: ಈ ಆಟಗಳನ್ನು ಮಾಡುವವರು ದಡ್ಡರಲ್ಲ, ಕಟುಕರೂ ಅಲ್ಲ. ಸ್ಟೆಲ್ಲಾರಿಸ್‌ನಲ್ಲಿ ಬಣಗಳಿವೆ, ಅಸಮಾಧಾನವಿದೆ, ಅಪರಾಧವಿದೆ, ನಿರಾಶ್ರಿತರಿದ್ದಾರೆ. ಎಂಡ್‌ಲೆಸ್ ಸ್ಪೇಸ್ ಎರಡನೇ ಆಟದಲ್ಲಿ ಪಕ್ಷಗಳಿವೆ, ಚುನಾವಣೆ ಇದೆ. 1999ರ ಆಲ್ಫಾ ಸೆಂಟಾರಿಯಲ್ಲಿ ಊರು ಬೆಳೆದಂತೆ ಅತೃಪ್ತ ದುಡಿಮೆಗಾರರು ಹುಟ್ಟುತ್ತಾರೆ, ದಂಗೆ ಏಳುತ್ತಾರೆ. ಅವರ ನರಗಳಿಗೇ ಕೈಹಾಕಿ ಸುಮ್ಮನಾಗಿಸುವ ಆಯ್ಕೆಯೂ ಆಟಗಾರನಿಗೆ ಇದೆ, ಆದರೆ ಅದನ್ನು ಬಳಸಿದರೆ ಉಳಿದವರು ನಿಮ್ಮನ್ನು ಪಾತಕಿಯೆಂದು ಕಂಡು ನಿರ್ಬಂಧ ಹೇರುತ್ತಾರೆ. ಇಪ್ಪತ್ತೈದು ವರ್ಷಗಳ ಹಿಂದಿನ ಆಟಕ್ಕೆ ಇಷ್ಟು ತಿಳಿದಿತ್ತು. ಆದರೂ ಬುನಾದಿ ಬದಲಾಗಲಿಲ್ಲ. ಜನ ಹೇಗೆ ಹುಟ್ಟುತ್ತಾರೆ, ಹೇಗೆ ಚಲಿಸುತ್ತಾರೆ, ಹೇಗೆ ಸಾಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಈ ಆಟಗಳು ಕೊಡುವ ಉತ್ತರ ಇವತ್ತಿಗೂ ಅದೇ ಹಳೆಯ ಸೂತ್ರ.

ಆ ಸೂತ್ರ ಯಾವುದು? ಬೆಲ್ಜಿಯಮ್ಮಿನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಬರೆದದ್ದು. ಜಾಗ ಖಾಲಿ ಇರುವಾಗ ಜನ ಬೇಗ ಹೆಚ್ಚುತ್ತಾರೆ, ತುಂಬುತ್ತ ಬಂದಂತೆ ನಿಧಾನವಾಗುತ್ತಾರೆ, ಒಂದು ಮಿತಿಯಲ್ಲಿ ನಿಲ್ಲುತ್ತಾರೆ. ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿದ ಗೆರೆ. ಓರಿಯನ್‌ನಿಂದ ಇಂದಿನವರೆಗೆ ಈ ಆಟಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ಗೆರೆಯ ಒಂದಲ್ಲ ಒಂದು ರೂಪ. 1920ರಲ್ಲಿ ರೇಮಂಡ್ ಪರ್ಲ್ ಮತ್ತು ಲೊವೆಲ್ ರೀಡ್ ಎಂಬಿಬ್ಬರು ಅಮೆರಿಕದ ವಿಜ್ಞಾನಿಗಳು ಇದನ್ನು ತಮ್ಮ ದೇಶಕ್ಕೆ ಹೊಂದಿಸಿ, ಅಮೆರಿಕದ ಜನಸಂಖ್ಯೆ ಸುಮಾರು 19.7 ಕೋಟಿಗೆ ನಿಲ್ಲುತ್ತದೆಂದು ಲೆಕ್ಕ ಹಾಕಿದರು. 1967ರಲ್ಲೇ ಅಮೆರಿಕ 20 ಕೋಟಿ ದಾಟಿತು, ಈಗ 33 ಕೋಟಿಯ ಆಚೆಗಿದೆ. ಸೀಸೆಯೊಳಗಿನ ಹಣ್ಣುನೊಣಗಳಿಗೆ ಈ ಗೆರೆ ಚೆನ್ನಾಗಿ ಹೊಂದುತ್ತದೆ. ಪರ್ಲ್ ಆ ಪ್ರಯೋಗವನ್ನೂ ಮಾಡಿದ್ದರು. ನಮ್ಮ ಆಟಗಳು ಆ ಸೀಸೆಯನ್ನೇ ಗ್ರಹ ಎಂದು ಕರೆದಿವೆ.

ಈ ಗೆರೆಗೆ ಇನ್ನೊಂದು ಗುಣವಿದೆ. ಬೆಳವಣಿಗೆ ಅತಿ ಹೆಚ್ಚಾಗಿರುವುದು ಮಿತಿಯ ಅರ್ಧಕ್ಕೆ ತಲುಪಿದಾಗ. ಮೀನುಗಾರಿಕೆಯ ಶಾಸ್ತ್ರದಲ್ಲಿ ಇದನ್ನೇ ಇಟ್ಟುಕೊಂಡು ಸಮುದ್ರದಿಂದ ವರ್ಷಕ್ಕೆ ಎಷ್ಟು ಹಿಡಿದರೆ ಹೆಚ್ಚು ಲಾಭ ಎಂದು ಲೆಕ್ಕ ಹಾಕಿದರು: ಮೀನಿನ ಸಂಖ್ಯೆಯನ್ನು ಅರ್ಧದಲ್ಲಿ ಇಡು, ಮೇಲೆ ಬಂದದ್ದನ್ನೆಲ್ಲ ಬಾಚು. ಓರಿಯನ್ ಆಡಿ ಪಳಗಿದವರು ಮಾಡುವುದೂ ಇದನ್ನೇ. ಗ್ರಹ ತುಂಬುವ ಮುಂಚೆ ಜನರನ್ನು ಹಡಗಿಗೆ ತುಂಬಿ ಕಳಿಸುತ್ತಾರೆ, ಏಕೆಂದರೆ ಆಗ ಹಿಂದೆ ಉಳಿದವರು ಬೇಗ ಬೇಗ ಹೆಚ್ಚುತ್ತಾರೆ. ನಾನೂ ಮಾಡಿದ್ದೇನೆ. ಆಟವನ್ನು ಚೆನ್ನಾಗಿ ಆಡುವುದು ಎಂದರೆ ಜನರನ್ನು ಬಂಗಡೆಯ ಹಾಗೆ ನೋಡುವುದು ಎಂದಾದರೆ, ತಪ್ಪು ಆಡುವವರದ್ದಲ್ಲ, ನಿಯಮದ್ದು.

ಇಂಥ ಗೆರೆ ಏನನ್ನು ಮುಚ್ಚುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರು ಸಂಸ್ಥಾನದ ಖಾನೇಷುಮಾರಿ ಲೆಕ್ಕ ನೋಡಿ. 1871ರಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. 1891ರಲ್ಲಿ ಸುಮಾರು 49 ಲಕ್ಷ. ಈ ಮೂರು ಚುಕ್ಕಿಗಳನ್ನು ಆಟದ ಪರದೆಯ ಮೇಲೆ ಕಂಡರೆ ಆಟಗಾರ ಖುಷಿಪಡುತ್ತಾನೆ: ಪರವಾಗಿಲ್ಲ, ಚೇತರಿಸಿಕೊಂಡಿತು. ನಡುವೆ ಇದ್ದದ್ದು 1876–78ರ ಧಾತು ಈಶ್ವರ ಬರ. ಹತ್ತು ಹದಿಮೂರು ವರ್ಷಗಳಲ್ಲಿ ಸಂಖ್ಯೆ ಮರಳಿತು, ನಿಜ. ಸತ್ತವರು ಮರಳಲಿಲ್ಲ. ಕೂಲಿಯವರು, ಭೂಮಿ ಇಲ್ಲದವರು, ಮಗ್ಗ ನಂಬಿದವರು ಮೊದಲು ಸತ್ತರು. ಯಾರು ಸತ್ತರು ಎಂಬುದರ ಮೇಲೆ ಯಾರ ಹೊಲ ಯಾರ ಪಾಲಾಯಿತು ಎಂಬುದೂ ತೀರ್ಮಾನವಾಯಿತು. ಸೂತ್ರದ ಪ್ರಕಾರ ಸಾವು ಎಂದರೆ ಜಾಗ ಖಾಲಿಯಾಗುವುದು, ಜಾಗ ಖಾಲಿಯಾದರೆ ಬೆಳವಣಿಗೆ ಚುರುಕಾಗುವುದು. ಸೂತ್ರಕ್ಕೆ ಬರ ಒಂದು ಅವಕಾಶ.

ಹಾಗಾದರೆ ಹೇಗಿರಬೇಕು? ದೂರುವುದು ಸುಲಭ, ಆದ್ದರಿಂದ ಬದಲಿಗೆ ಏನು ಬೇಕೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಹುಟ್ಟು. ಮಕ್ಕಳನ್ನು ಹುಟ್ಟಿಸುವುದು ಗ್ರಹವಲ್ಲ, ಮನೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂದು ನಮ್ಮಲ್ಲಿ ಗಾದೆ. ಈ ಆಟಗಳು ಅದನ್ನು ತಿರುಗಿಸಿವೆ: ಹುಲ್ಲಿದ್ದರೆ ಹುಟ್ಟುತ್ತಾರೆ. ಆದರೆ ಕಳೆದ ನೂರೈವತ್ತು ವರ್ಷಗಳ ಅನುಭವ ಬೇರೆಯೇ ಹೇಳುತ್ತದೆ. ಶಿಶುಮರಣ ಕಡಿಮೆಯಾದಂತೆ, ಹೆಣ್ಣುಮಕ್ಕಳು ಓದಿದಂತೆ, ಮಕ್ಕಳನ್ನು ಸಾಕುವ ಖರ್ಚು ಏರಿದಂತೆ ಮನೆಗಳು ಚಿಕ್ಕದಾಗುತ್ತವೆ. ಸಂಖ್ಯೆ ಸ್ಥಿರವಾಗಿ ಉಳಿಯಲು ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳು ಬೇಕು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಅದು 0.72ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 2.0, ಕರ್ನಾಟಕದಲ್ಲಿ 1.7. ಕೊರಿಯಾದಲ್ಲಿ ಅನ್ನಕ್ಕೆ ಬರವಿಲ್ಲ, ನಮ್ಮಲ್ಲೂ ಜಾಗ ತುಂಬಿತೆಂದು ಯಾರೂ ಮಕ್ಕಳನ್ನು ಮುಂದೂಡಲಿಲ್ಲ. ನಕ್ಷತ್ರಗಳ ನಡುವೆ ಹಾರುವಷ್ಟು ಮುಂದುವರಿದ ನಾಗರಿಕತೆ ಮಾತ್ರ ಯಾಕೆ ಜಾಗ ಕಂಡಲ್ಲೆಲ್ಲ ಮರಿ ಹಾಕುತ್ತ ಹೋಗಬೇಕು?

ಇಲ್ಲಿ ಆಟದ ಲಾಭವೂ ಇದೆ. ಈ ಪ್ರಕಾರದ ದೊಡ್ಡ ರೋಗವನ್ನು ಎಲ್ಲ ಆಟಗಾರರೂ ಬಲ್ಲರು. ಮೊದಲ ಮೂರನೇ ಒಂದು ಭಾಗದಲ್ಲಿ ಮುಂದಿದ್ದವನು ಕೊನೆಗೆ ಗೆಲ್ಲುತ್ತಾನೆ. ದೊಡ್ಡದು ಇನ್ನೂ ದೊಡ್ಡದಾಗುತ್ತ ಹೋಗುತ್ತದೆ, ಕೊನೆಯ ಹತ್ತು ಗಂಟೆ ಬರೀ ಗುಂಡಿ ಒತ್ತುವ ಕೆಲಸ. ಇದನ್ನು ತಡೆಯಲು ಆಟ ಮಾಡುವವರು ಕೃತಕ ದಂಡಗಳನ್ನು ತರುತ್ತಾರೆ. 2021ರಲ್ಲಿ ಸ್ಟೆಲ್ಲಾರಿಸ್ ತಂದ ನಿಯಮ ನೋಡಿ: ಸಾಮ್ರಾಜ್ಯದ ಒಟ್ಟು ಜನ ಹೆಚ್ಚಿದಷ್ಟೂ ಪ್ರತಿ ಗ್ರಹದಲ್ಲೂ ಹೊಸ ಪಾಪ್ ಹುಟ್ಟಲು ಹೆಚ್ಚು ಕಾಲ ಬೇಕು. ಬೆಂಗಳೂರಿನಲ್ಲಿ ಜನ ಹೆಚ್ಚಾದರು, ಅದಕ್ಕೇ ಬೀದರಿನಲ್ಲಿ ಹೆರಿಗೆ ತಡವಾಯಿತು ಎಂದ ಹಾಗೆ. ಇಂಥ ತೇಪೆ ಹಾಕುವ ಬದಲು ವಾಸ್ತವದ ನಿಯಮವನ್ನೇ ತಂದುಬಿಟ್ಟರೆ ಏನಾಗುತ್ತದೆ? ಶ್ರೀಮಂತ ರಾಜಧಾನಿಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ, ಮುದುಕರು ಹೆಚ್ಚಾಗುತ್ತಾರೆ. ಗಡಿಯ ಬಡ ಗ್ರಹಗಳಲ್ಲಿ ಯುವಕರು ತುಂಬಿರುತ್ತಾರೆ. ಕೇಂದ್ರಕ್ಕೆ ಗಡಿಯ ಜನ ಬೇಕು, ಗಡಿಯವರು ಅದಕ್ಕೆ ಬೆಲೆ ಕೇಳುತ್ತಾರೆ. ಬರೀ ದೊಡ್ಡದಾಗಿದ್ದರೆ ಸಾಲದು, ಹೊರಗಿನವರನ್ನು ಒಳಗೆ ಸೇರಿಸಿಕೊಳ್ಳಲು ಗೊತ್ತಿರಬೇಕು. ಆಟದ ಕೊನೆಯ ಹತ್ತು ಗಂಟೆಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ಎರಡನೆಯದು ವಯಸ್ಸು. ಈ ಆಟಗಳಲ್ಲಿ ಮಕ್ಕಳಿಲ್ಲ, ಮುದುಕರಿಲ್ಲ. ಒಂದು ಪಟ್ಟಿ ನಿಧಾನವಾಗಿ ತುಂಬುತ್ತದೆ, ತುಂಬಿದ ಕೂಡಲೇ ದುಡಿಯುವ ವಯಸ್ಸಿನ ಪಾಪ್ ಒಂದು ಕೆಲಸಕ್ಕೆ ಹಾಜರ್. ಅವನನ್ನು ಹೆತ್ತವರು ಯಾರು, ಇಪ್ಪತ್ತು ವರ್ಷ ಸಾಕಿದವರು ಯಾರು? ಆ ದುಡಿಮೆ ಆಟದ ಲೆಕ್ಕಪುಸ್ತಕದಲ್ಲಿ ಇಲ್ಲವೇ ಇಲ್ಲ. ಅದು ಯಾರ ದುಡಿಮೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಹೆಂಗಸರಿಲ್ಲದೆ ಜನಸಂಖ್ಯೆ ಬೆಳೆಯುವ ಏಕೈಕ ಜಾಗ ಈ ಆಟಗಳು. ಹತ್ತು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಲೆಕ್ಕದಿಂದ ಕಾಣೆಯಾಗಿದ್ದಾರೆ ಎಂದು ಅಮರ್ತ್ಯ ಸೆನ್ 1990ರಲ್ಲಿ ಬರೆದಾಗ ಜಗತ್ತು ಬೆಚ್ಚಿತು. ನಮ್ಮ ನಕ್ಷತ್ರ ಸಾಮ್ರಾಜ್ಯಗಳಲ್ಲಿ ಅವರು ಹುಟ್ಟಲೇ ಇಲ್ಲವಾದ್ದರಿಂದ ಕಾಣೆಯಾಗುವ ಪ್ರಶ್ನೆಯೂ ಇಲ್ಲ.

ವಯಸ್ಸು ಬಂದರೆ ಯುದ್ಧಕ್ಕೂ ನೆನಪು ಬರುತ್ತದೆ. 1914–18ರ ಯುದ್ಧದಲ್ಲಿ ಫ್ರಾನ್ಸ್ ಕಳೆದುಕೊಂಡದ್ದು ಸತ್ತ ಸೈನಿಕರನ್ನು ಮಾತ್ರವಲ್ಲ. ಆ ವರ್ಷಗಳಲ್ಲಿ ಹುಟ್ಟಬೇಕಿದ್ದ ಮಕ್ಕಳು ಹುಟ್ಟಲಿಲ್ಲ. 1930ರ ದಶಕದ ನಡುವಿನಲ್ಲಿ, ಸೈನ್ಯಕ್ಕೆ ಸೇರುವ ವಯಸ್ಸಿನ ಹುಡುಗರು ಬೇಕಾದಾಗ, ಆ ಜಾಗ ಟೊಳ್ಳಾಗಿತ್ತು. ಆಟದಲ್ಲಿ ಇದನ್ನು ಊಹಿಸಿ. ಇವತ್ತು ಗೆದ್ದ ಯುದ್ಧ ಇಪ್ಪತ್ತು ವರ್ಷದ ನಂತರ ಬಂದು ನಿಮ್ಮ ಬಾಗಿಲು ತಟ್ಟುತ್ತದೆ. ಈಗಿನ ಆಟಗಳಲ್ಲಿ ಸೈನ್ಯ ಸತ್ತರೆ ಖನಿಜ ಖರ್ಚಾಗುತ್ತದೆ, ಅಷ್ಟೇ.

ಮೂರನೆಯದು ಚಲನೆ. ಜನರನ್ನು ಎತ್ತಿ ಇಡುವ ಗುಂಡಿ ಇರಲಿ, ಅದು ದಬ್ಬಾಳಿಕೆಯ ಗುಂಡಿ ಎಂದು ಆಟಕ್ಕೂ ತಿಳಿದಿರಲಿ. ಸಾಮಾನ್ಯವಾಗಿ ಜನ ತಾವಾಗಿಯೇ ಚಲಿಸಬೇಕು. ಆಟಗಾರ ದಾರಿ ಹಾಕಬಹುದು, ಬಾಗಿಲು ತೆರೆಯಬಹುದು, ಬಾಗಿಲು ಮುಚ್ಚಿ ಅದರ ಫಲ ಉಣ್ಣಬಹುದು. ವಲಸೆಯ ಬಗ್ಗೆ 1885ರಲ್ಲೇ ರಾವೆನ್‌ಸ್ಟೈನ್ ಎಂಬ ಭೂಗೋಳಜ್ಞ ಬರೆದ ಎರಡು ಮಾತು ಇವತ್ತಿಗೂ ನಿಲ್ಲುತ್ತವೆ: ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ, ಪ್ರತಿ ಹರಿವಿಗೂ ಒಂದು ಮರುಹರಿವು ಇರುತ್ತದೆ. ನಮ್ಮಲ್ಲಿ ಗುಳೆ ಎಂಬ ಪದದೊಳಗೇ ಮರಳಿ ಬರುವ ಅರ್ಥ ಅಡಗಿದೆ. ಗುಳೆ ಹೋದವರು ಹಬ್ಬಕ್ಕೆ ಬರುತ್ತಾರೆ, ಮಳೆಗೆ ಬರುತ್ತಾರೆ, ದುಡ್ಡು ಕಳಿಸುತ್ತಾರೆ, ಊರಿನ ಜಗಳದಲ್ಲಿ ದೂರದಿಂದಲೇ ಪಾಲು ತೆಗೆದುಕೊಳ್ಳುತ್ತಾರೆ. ನಕ್ಷತ್ರಗಳ ನಡುವಿನ ಗುಳೆ ಹೇಗಿರುತ್ತದೆ ಎಂದು ತೋರಿಸುವ ಆಟವನ್ನು ನಾನು ಇನ್ನೂ ಆಡಿಲ್ಲ. ಅಸಾಧ್ಯವೇನಲ್ಲ. 2010ರ ಡಿಸ್ಟೆಂಟ್ ವರ್ಲ್ಡ್ಸ್‌ನಲ್ಲಿ ಖಾಸಗಿ ವ್ಯಾಪಾರದ ಹಡಗುಗಳು, ವಲಸಿಗರು, ಪ್ರವಾಸಿಗರು ಎಲ್ಲ ಆಟಗಾರನ ಅಪ್ಪಣೆ ಇಲ್ಲದೆಯೇ ಓಡಾಡುತ್ತಾರೆ. ತಮ್ಮ ಪಾಡಿಗೆ ತಾವು ಹೋಗುವ ಆ ಹಡಗುಗಳನ್ನು ನೋಡುತ್ತ ಕೂರುವುದೇ ಆ ಆಟದ ದೊಡ್ಡ ಸುಖ.

ನಾಲ್ಕನೆಯದು ಎಣಿಕೆ. ಈ ಆಟಗಳಲ್ಲಿ ‘ಯುದ್ಧದ ಮಂಜು’ ಎಂಬುದಿದೆ. ಶತ್ರುವಿನ ನೆಲ ಕತ್ತಲಲ್ಲಿರುತ್ತದೆ, ಗೂಢಚಾರರನ್ನು ಕಳಿಸಿದರೆ ಮಾತ್ರ ಕಾಣುತ್ತದೆ. ಆದರೆ ನಮ್ಮ ಪ್ರಜೆಗಳ ಮೇಲೆ ಯಾವ ಮಂಜೂ ಇಲ್ಲ. ಯಾವ ಗ್ರಹದಲ್ಲಿ ಎಷ್ಟು ಜನ, ಎಷ್ಟು ಸಂತೋಷ, ಯಾವ ಬಣ, ಎಲ್ಲವೂ ಕ್ಷಣಕ್ಷಣಕ್ಕೂ ನಿಖರ. ಇಂಥ ಸರ್ವಜ್ಞತ್ವ ಯಾವ ಸರ್ಕಾರಕ್ಕೂ ದಕ್ಕಿದ್ದಿಲ್ಲ. 1881ರಲ್ಲಿ ಬ್ರಿಟಿಷರು ಇಡೀ ಭಾರತವನ್ನು ಏಕಕಾಲದಲ್ಲಿ ಎಣಿಸಲು ಹೊರಟಾಗ ಎಣಿಕೆಯೇ ಒಂದು ಆಳ್ವಿಕೆಯಾಯಿತು. ಜಾತಿ ಯಾವುದು, ಕಸುಬು ಯಾವುದು ಎಂದು ಕೇಳಿದ ಪ್ರಶ್ನೆಗಳು ಉತ್ತರಿಸಿದವರನ್ನೇ ಬದಲಿಸಿದವು. ನಮ್ಮ ದೇಶದಲ್ಲಿ 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲಿಲ್ಲ. ಇನ್ನೂ 2011ರ ಅಂಕಿಗಳ ಮೇಲೆ ಅಂದಾಜು ಕಟ್ಟಿಕೊಂಡು ಪಡಿತರದಿಂದ ಹಿಡಿದು ಎಲ್ಲವೂ ನಡೆಯುತ್ತಿದೆ. ಆಟದಲ್ಲೂ ಹೀಗೇ ಇರಲಿ. ಗಣತಿಗೆ ಹಣ ಬೇಕು, ಕಾಲ ಬೇಕು. ಜನ ತೆರಿಗೆಗೆ ಹೆದರಿ ತಪ್ಪಿಸಿಕೊಳ್ಳಲಿ, ಅನುದಾನಕ್ಕಾಗಿ ಹೆಚ್ಚಾಗಿ ಬರೆಸಿಕೊಳ್ಳಲಿ, ಯಾವ ಪ್ರಶ್ನೆ ಕೇಳುತ್ತೀರಿ ಎಂಬುದರ ಮೇಲೆ ಹೊಸ ಗುಂಪುಗಳು ಹುಟ್ಟಲಿ. ಎರಡು ಗಣತಿಗಳ ನಡುವೆ ಆಟಗಾರ ಅಂದಾಜಿನ ಮೇಲೆ ಆಳಲಿ.

ಐದನೆಯದು ಸಾವು. ಸ್ಟೆಲ್ಲಾರಿಸ್‌ನಲ್ಲಿ ಒಂದು ಜನಾಂಗವನ್ನು ನಿರ್ಮೂಲ ಮಾಡುವುದಕ್ಕೆ ಹಲವು ವಿಧಾನಗಳ ಪಟ್ಟಿಯೇ ಇದೆ: ಓಡಿಸುವುದು, ಸಂತಾನಹೀನ ಮಾಡುವುದು, ದುಡಿಸಿ ಕೊಲ್ಲುವುದು, ಆಹಾರವಾಗಿಸುವುದು. ಅದನ್ನು ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಸಾಮ್ರಾಜ್ಯದ ಆಟದಿಂದ ಸಾಮ್ರಾಜ್ಯದ ಪಾಪವನ್ನು ತೆಗೆದರೆ ಉಳಿಯುವುದು ಸುಳ್ಳು. ನನ್ನ ಆಕ್ಷೇಪ ಅದರ ಶುಚಿತ್ವಕ್ಕೆ. ಆ ಕೆಲಸವನ್ನು ಮಾಡುವ ಕೈಗಳು ಯಾರವು? ಆದೇಶ ಪಾಲಿಸದ ಅಧಿಕಾರಿ ಎಲ್ಲಿ? ಅಟ್ಟದ ಮೇಲೆ ಬಚ್ಚಿಟ್ಟ ನೆರೆಯವರು ಎಲ್ಲಿ? ಐವತ್ತು ವರ್ಷದ ನಂತರ ಕಡತ ತೆರೆಯುವವರು ಎಲ್ಲಿ? ಉಳಿದ ಸಾಮ್ರಾಜ್ಯಗಳ ಅಭಿಪ್ರಾಯ ಕೆಲವು ಅಂಕ ಇಳಿಯುತ್ತದೆ, ಕೆಲವು ಕಾಲದ ನಂತರ ಅದೂ ಮಾಸುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು, ಗೆಳೆಯರ ಜೊತೆ ಜಗಳವಾಡಿ ಕೇಳಿಸಿಕೊಂಡಿದ್ದೇನೆ.

‘ಇದೆಲ್ಲ ಲೆಕ್ಕ ಹಾಕಲು ಕಂಪ್ಯೂಟರಿಗೆ ಆಗುವುದಿಲ್ಲ’ ಎನ್ನುತ್ತಾರೆ. ಸ್ಟೆಲ್ಲಾರಿಸ್ ಆಟದ ಕೊನೆಯ ಹಂತದಲ್ಲಿ ತೆವಳುತ್ತಿದ್ದದ್ದು ನಿಜ, ಒಂದೊಂದು ಪಾಪ್‌ನ ಲೆಕ್ಕ ಬೇರೆ ಬೇರೆ ಹಾಕುತ್ತಿದ್ದದ್ದು ಅದಕ್ಕೆ ಮುಖ್ಯ ಕಾರಣ. 2025ರಲ್ಲಿ ಅವರೇ ಒಂದೇ ಬಗೆಯ ಜನರನ್ನು ಗುಂಪು ಮಾಡಿ ಲೆಕ್ಕ ಹಾಕುವ ದಾರಿಗೆ ಬಂದರು. ಜನಸಂಖ್ಯಾಶಾಸ್ತ್ರಜ್ಞರು ಶತಮಾನದ ಹಿಂದೆಯೇ ಮಾಡಿದ್ದು ಅದನ್ನೇ. ಎಡ್ವಿನ್ ಕ್ಯಾನನ್ 1895ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಮುಂದಿನ ಜನಸಂಖ್ಯೆಯನ್ನು ವಯೋಗುಂಪುಗಳಾಗಿ ಒಡೆದು ಕಾಗದದ ಮೇಲೆ ಲೆಕ್ಕ ಹಾಕಿದ್ದರು. 1945ರಲ್ಲಿ ಪ್ಯಾಟ್ರಿಕ್ ಲೆಸ್ಲಿ ಅದೇ ಬಗೆಯ ಲೆಕ್ಕವನ್ನು ಒಂದು ಮಾತೃಕೆಯಲ್ಲಿ ಬರೆದರು. ಐದೈದು ವರ್ಷದ ಗುಂಪು ಮಾಡಿದರೆ ಹುಟ್ಟಿನಿಂದ ಎಂಬತ್ತೈದು ದಾಟಿದವರವರೆಗೆ ಹದಿನೆಂಟು ಸಾಲು. ಗಂಡು ಹೆಣ್ಣು ಎಂದರೆ ಮೂವತ್ತಾರು ಸಂಖ್ಯೆ. ಪೆನ್ಸಿಲ್ಲಿಗೆ ಆದದ್ದು ಇವತ್ತಿನ ಗ್ರಾಫಿಕ್ಸ್ ಕಾರ್ಡುಗಳ ಕಾಲದಲ್ಲಿ ಆಗುವುದಿಲ್ಲವೇ?

‘ಇವರು ಮನುಷ್ಯರಲ್ಲ, ಅನ್ಯಗ್ರಹಜೀವಿಗಳು’ ಎನ್ನುತ್ತಾರೆ. ಒಪ್ಪೋಣ. ಒಂದು ಜನಾಂಗ ಜೇನುಗೂಡಿನಂತೆ ಒಂದೇ ಮನಸ್ಸಿನಿಂದ ಬದುಕಲಿ, ಹೇಳಿದಲ್ಲಿಗೆ ಹೋಗಲಿ. ಅದು ವಿಚಿತ್ರವಾಗಿ ಕಾಣಬೇಕಾದರೆ ಉಳಿದವರು ಹಾಗಿರಬಾರದು. ಈಗ ಎಲ್ಲ ಜನಾಂಗಗಳೂ ಜೇನುಗೂಡೇ, ಚಿತ್ರ ಮಾತ್ರ ಬೇರೆ.

‘ಹೇಳಿದ ಮಾತು ಕೇಳದ ಜನರನ್ನು ಇಟ್ಟುಕೊಂಡು ಆಡುವುದರಲ್ಲಿ ಏನು ಮಜಾ’ ಎನ್ನುವುದು ಮೂರನೆಯ ಆಕ್ಷೇಪ. ಗಟ್ಟಿಯಾದ ಆಕ್ಷೇಪ ಇದೊಂದೇ. ಇದಕ್ಕೆ ಉತ್ತರ ಸ್ಟೆಲ್ಲಾರಿಸ್ ಮಾಡಿದ ಸಂಸ್ಥೆಯ ಇನ್ನೊಂದು ಆಟದಲ್ಲಿದೆ. ಕ್ರುಸೇಡರ್ ಕಿಂಗ್ಸ್‌ನಲ್ಲಿ ಸಾಮಂತರು ಮಾತು ಕೇಳುವುದಿಲ್ಲ. ಮುನಿಸಿಕೊಳ್ಳುತ್ತಾರೆ, ಒಳಸಂಚು ಮಾಡುತ್ತಾರೆ, ಮಗಳ ಮದುವೆ ವಿಷಯಕ್ಕೆ ರಾಜ್ಯ ಒಡೆಯುತ್ತಾರೆ. ಲಕ್ಷಾಂತರ ಜನ ಅದನ್ನು ಆಡುವುದೇ ಆ ಮುನಿಸಿಗಾಗಿ. ಅಂದರೆ ಮಾತು ಕೇಳದಿರುವುದು ಮಜಾ ಕೆಡಿಸುವುದಿಲ್ಲ. ಸಾಮಂತನಿಗೆ ಮನಸ್ಸು ಕೊಟ್ಟರೆ ಅದು ನಾಟಕ, ಗಣಿ ಕೆಲಸದವನಿಗೆ ಕೊಟ್ಟರೆ ಕಿರಿಕಿರಿ ಎಂಬುದು ನಮ್ಮೊಳಗಿನ ಮೇಲುಕೀಳಿನ ಭಾವನೆ. ಅದನ್ನು ಆಟದ ನಿಯಮ ಎಂದು ಕರೆಯುವುದು ಬೇಡ.

ಕೊನೆಗೆ, ‘ಬರೀ ಆಟಕ್ಕೆ ಇಷ್ಟೆಲ್ಲ ಯಾಕೆ?’ ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಬಾರದು ಎಂದು ನನ್ನ ಆಸೆ. ಕಾದಂಬರಿಯೂ ಬರೀ ಕಥೆಯೇ, ಆದರೆ ಯಾರ ಕಣ್ಣಿನಿಂದ ನೋಡುತ್ತೇವೆ ಎಂದು ಅದಕ್ಕೆ ಕೇಳುವುದನ್ನು ನಾವು ಕಲಿತಿದ್ದೇವೆ. ಇನ್ನೂರು ಗಂಟೆ ಆಡಿದ ಆಟ ಒಂದು ಕಣ್ಣನ್ನು ಕೊಡುತ್ತದೆ. ಆ ಕಣ್ಣು ಈಗ ಎಲ್ಲ ಕಡೆ ಇದೆ. ಲೋಕಸಭೆಯಲ್ಲಿ ರಾಜ್ಯಗಳಿಗೆ ಹಂಚಿದ ಸ್ಥಾನಗಳು 1971ರ ಜನಗಣತಿಯ ಮೇಲೆ ನಿಂತಿವೆ. ಹೊಸ ಲೆಕ್ಕ ಬಂದರೆ ದಕ್ಷಿಣದ ರಾಜ್ಯಗಳ ಪಾಲು ಕುಗ್ಗಬಹುದೆಂಬ ಆತಂಕ ನ್ಯಾಯವಾದದ್ದೇ. ಆದರೆ 2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳಿಬ್ಬರೂ ಹೆಚ್ಚು ಮಕ್ಕಳನ್ನು ಹೆರುವ ಮಾತಾಡಿದಾಗ ನನಗೆ ನೆನಪಾದದ್ದು ಓರಿಯನ್ ಮಹಾಸಭೆ. ಹೆರುವವರು ಯಾರೋ, ಮತ ಎಣಿಸುವವರು ಯಾರೋ. ಎರಡು ಮಕ್ಕಳು ಸಾಕು ಎಂದು ಗೋಡೆಗಳ ಮೇಲೆ ಬರೆಸಿದ್ದವರೂ ಇದೇ ಕಣ್ಣಿನವರು. 1976ರಲ್ಲಿ ಗಂಡಸರನ್ನು ಹಿಡಿದು ತಂದು ಶಸ್ತ್ರಚಿಕಿತ್ಸೆ ಮಾಡಿಸಿದ ಕಣ್ಣೂ ಇದೇ. ಅದೇ ದಶಕಗಳಲ್ಲಿ ಕೇರಳ, ಹೆಣ್ಣುಮಕ್ಕಳ ಓದು ಮತ್ತು ಊರೂರಿನ ಆಸ್ಪತ್ರೆಗಳ ಮೂಲಕ, ಯಾರ ಕೈಯನ್ನೂ ತಿರುಚದೆ ಅಲ್ಲಿಗೆ ತಲುಪಿತು. ಜನ ಸ್ಲೈಡರಿಗೆ ಬಗ್ಗುವವರಲ್ಲ ಎಂಬುದು ಕೇರಳದ ಪಾಠ. ಅದನ್ನು ಕಲಿಸುವ ಶಕ್ತಿ ಈ ಆಟಗಳಿಗೆ ಇದೆ, ಮನಸ್ಸು ಮಾಡಿಲ್ಲ ಅಷ್ಟೇ.

ನಾನು ಈ ಆಟಗಳನ್ನು ಬಿಡುವುದಿಲ್ಲ. ಬಿಡುವಂತಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಗೇಮ್ ಮಾಡಲು ಕಲಿಯುತ್ತಿರುವ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲೂ ಇದ್ದೀರಿ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು: ಕೋಡ್ ಬರೆಯುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಆ ಹದಿನೆಂಟು ಸಾಲು ಎಳೆಯಿರಿ. ಒಂದು ಗ್ರಹ ಸಾಕು. ಒಂದು ಯುದ್ಧ ಮಾಡಿಸಿ, ಮೂವತ್ತು ವರ್ಷ ಮುಂದಕ್ಕೆ ಲೆಕ್ಕ ಹಾಕಿ, ಯಾವ ಸಾಲು ಟೊಳ್ಳಾಗಿದೆ ನೋಡಿ.

ಮತ್ತು ನನಗೆ ಒಂದು ಗುಂಡಿ ಮಾಡಿಕೊಡಿ. ರಾಜಧಾನಿಯಿಂದ ನಲವತ್ತು ಸಾವಿರ ಜನರನ್ನು ಗಡಿಯ ಗಣಿಗಳಿಗೆ ಕಳಿಸು ಎಂದು ನಾನು ಒತ್ತಿದಾಗ ಪರದೆಯ ಮೇಲೆ ಉತ್ತರ ಬರಲಿ: ಹನ್ನೊಂದು ಸಾವಿರ ಜನ ಹೊರಟಿದ್ದಾರೆ. ಆರು ಸಾವಿರ ಜನ ಎಲ್ಲಿಗೆ ಹೋದರೆಂದು ತಿಳಿದಿಲ್ಲ. ಉಳಿದವರು, ತಮ್ಮ ಊರಿನ ಗುಡಿ ಏನಾಗುತ್ತದೆ ಎಂದು ಕೇಳುತ್ತಿದ್ದಾರೆ.